20 ಸೂರ್ಯರಷ್ಟಾದ ಮೇಲೆ ನಕ್ಷತ್ರ ಬೆಳೆಯುತ್ತಲೇ ಇಲ್ಲ, ಕೋಡ್‌ನಲ್ಲಿ ಏನು ತೊಂದರೆ?

ಬೆಳ್ಳಿಚುಕ್ಕಿ:
ಪೈಥಾನ್‌ನಲ್ಲಿ ಒಂದು ಸಣ್ಣ ಸಿಮ್ಯುಲೇಶನ್ ಬರೆದಿದ್ದೇನೆ. 120 ಸೂರ್ಯರಷ್ಟು ದ್ರವ್ಯರಾಶಿಯ ದುಂಡನೆಯ ಅನಿಲದ ಮೋಡ ಕುಸಿಯುತ್ತದೆ, ನಡುವೆ ನಕ್ಷತ್ರ ಬೆಳೆಯುತ್ತದೆ. ಮೊದಮೊದಲು ಚೆನ್ನಾಗಿಯೇ ಓಡುತ್ತದೆ. ನಕ್ಷತ್ರ 20 ಸೂರ್ಯರಷ್ಟಾಗುವ ಹೊತ್ತಿಗೆ ಒಳಗೆ ಬೀಳುತ್ತಿದ್ದ ಅನಿಲ ನಿಂತು, ಹಿಂದಕ್ಕೆ ಹೊರಡುತ್ತದೆ. ಟೈಮ್‌ಸ್ಟೆಪ್ (ಲೆಕ್ಕದಲ್ಲಿ ಕಾಲದ ಒಂದು ಹೆಜ್ಜೆ) ಚಿಕ್ಕದು ಮಾಡಿದೆ, ಗ್ರಿಡ್ (ಜಾಗವನ್ನು ತುಂಡು ಮಾಡುವ ಚೌಕಳಿ) ಜಾಸ್ತಿ ಮಾಡಿದೆ, ಅದೇ ಕತೆ. ವಿಕಿರಣ ಒತ್ತಡ (ಬೆಳಕಿನ ತಳ್ಳುವಿಕೆ) ತೆಗೆದರೆ ಮಾತ್ರ ಬೆಳೆಯುತ್ತದೆ. ಆದರೆ ಆಕಾಶದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ನಕ್ಷತ್ರಗಳಿವೆ ಅಲ್ವಾ? ದೂಳಿನ ಒಪ್ಯಾಸಿಟಿ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಒಂದು ಗ್ರಾಂ ಅನಿಲಕ್ಕೆ 5 ಚದರ ಸೆಂ.ಮೀ. ಇಟ್ಟಿದ್ದೇನೆ.

ಕಪ್ಪುಮೋಡ:
ಕೋಡ್ ಸರಿಯಾಗಿದೆ. ಕೈಲೆಕ್ಕ ಮಾಡಿ ನೋಡಿ. 13,000ವನ್ನು (ಗುರುತ್ವ ಸ್ಥಿರಾಂಕ, ಬೆಳಕಿನ ವೇಗ ಸೇರಿ ಸೂರ್ಯನ ಲೆಕ್ಕದಲ್ಲಿ ಬರುವ ಸಂಖ್ಯೆ) ನಿಮ್ಮ ಒಪ್ಯಾಸಿಟಿಯಿಂದ ಭಾಗಿಸಿ, 2,600 ಬರುತ್ತದೆ. ನಕ್ಷತ್ರದ ಬೆಳಕನ್ನು ದ್ರವ್ಯರಾಶಿಯಿಂದ ಭಾಗಿಸಿದಾಗ (ಎರಡೂ ಸೂರ್ಯನ ಲೆಕ್ಕದಲ್ಲಿ) ಈ ಸಂಖ್ಯೆ ಬಂದರೆ, ಬೆಳಕಿನ ತಳ್ಳುವಿಕೆಯೂ ಗುರುತ್ವದ ಸೆಳೆತವೂ ಸಮ. 20 ಸೂರ್ಯರಷ್ಟಿರುವ ನಕ್ಷತ್ರ ಸುಮಾರು 45,000 ಸೂರ್ಯರಷ್ಟು ಬೆಳಗುತ್ತದೆ. ಅಂದರೆ 2,250. ಬೀಳುವ ಅನಿಲದಿಂದ ಹುಟ್ಟುವ ಬೆಳಕನ್ನೂ ಸೇರಿಸಿದರೆ ಗಡಿ ಅಲ್ಲೇ ಇದೆ. 1970-80ರ ದಶಕಗಳಲ್ಲಿ ಲೆಕ್ಕ ಹಾಕಿದ ವಿಜ್ಞಾನಿಗಳಿಗೂ ಇದೇ ಗೋಡೆ ಅಡ್ಡ ಬಂದಿತ್ತು.

ತೊಂದರೆ ಇರುವುದು ಆ ದುಂಡು ಆಕಾರದಲ್ಲಿ. ನಿಜವಾದ ಮೋಡ ತಿರುಗುತ್ತಿರುತ್ತದೆ. ತಿರುಗುವ ಅನಿಲ ನೇರವಾಗಿ ಬೀಳದೆ ನಕ್ಷತ್ರದ ಸುತ್ತ ತಟ್ಟೆಯಾಗುತ್ತದೆ. ದಟ್ಟವಾದ ತಟ್ಟೆಯನ್ನು ತೂರುವುದು ಬೆಳಕಿಗೆ ಕಷ್ಟ, ಧ್ರುವಗಳ ಕಡೆ ದಾರಿ ಸಲೀಸು. ಬೆಳಕು ಅತ್ತ ಸೋರಿಹೋಗುತ್ತದೆ, ಅನಿಲ ತಟ್ಟೆಯ ಮೂಲಕ ಒಳಗೆ ಬರುತ್ತಲೇ ಇರುತ್ತದೆ. 2ಡಿ ಮಾಡಿ, ತಿರುಗುವಿಕೆ ಸೇರಿಸಿ. ತಟ್ಟೆಗೆ ಸ್ನಿಗ್ಧತೆಯನ್ನೂ (ಅನಿಲದ ಪದರಗಳ ನಡುವಿನ ತಿಕ್ಕಾಟ) ಕೊಡಿ, ಇಲ್ಲವಾದರೆ ಅನಿಲ ಒಳಗೆ ಸರಿಯದೆ ಸುಮ್ನೆ ಸುತ್ತುತ್ತಿರುತ್ತದೆ.

ಬೆಳ್ಳಿಚುಕ್ಕಿ:
ಮಾಡಿದೆ. ತಟ್ಟೆ ಬಂತು, ಆದರೆ ಅದೂ ಸ್ವಲ್ಪ ಹೊತ್ತಿಗೇ ಹರಿಯುವುದು ನಿಂತಿತು. ಗ್ರಿಡ್‌ನ ಒಳ ಅಂಚು ನಕ್ಷತ್ರದಿಂದ 80 ಖಗೋಳಮಾನ (ಒಂದು ಖಗೋಳಮಾನ ಎಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರ) ದೂರದಲ್ಲಿದೆ.

ಕಪ್ಪುಮೋಡ:
ಆ 80ರಿಂದಲೇ ಹೀಗಾಗುತ್ತಿದೆ. ಸುಮಾರು 1,500 ಕೆಲ್ವಿನ್‌ನಲ್ಲಿ ದೂಳು ಆವಿಯಾಗುತ್ತದೆ. ಅದಕ್ಕಿಂತ ಒಳಗೆ ಅನಿಲ ಮಾತ್ರ, ಬೆಳಕಿಗೆ ಹೆಚ್ಚು ತಡೆಯಿಲ್ಲ. ನಕ್ಷತ್ರದ ಬೆಳಕು ಮೊದಲು ಬಡಿಯುವುದು, ಇನ್‌ಫ್ರಾರೆಡ್ ಆಗಿ ಧ್ರುವಗಳತ್ತ ತಿರುಗುವುದು ಆ ಅಂಚಿನಲ್ಲೇ. ನಿಮ್ಮ ಗ್ರಿಡ್ ಶುರುವಾಗುವುದೇ ಅದರಾಚೆ. ರಾಲ್ಫ್ ಕ್ಯೂಪರ್ ತಂಡ 2010ರಲ್ಲಿ ಇದನ್ನೇ ತೋರಿಸಿತು. ಒಳ ಅಂಚನ್ನು ಹತ್ತಿರ ತಂದಾಗ, ನಿಮ್ಮಷ್ಟೇ 120 ಸೂರ್ಯರ ಮೋಡದಿಂದ ಸುಮಾರು 56 ಸೂರ್ಯರ ನಕ್ಷತ್ರ ಬಂತು. 10ಕ್ಕೆ ಇಳಿಸಿ ನೋಡಿ.

ಮೃಗಶಿರ:
ಇನ್ನೊಂದು ವಿಷಯ. ತಟ್ಟೆಯಿಂದ ಹೊರಚಿಮ್ಮುವ ಅನಿಲವನ್ನು ಲೆಕ್ಕದಿಂದ ಬಿಟ್ಟುಬಿಟ್ಟಿದ್ದೀರಿ. ಅದು ಧ್ರುವಗಳಲ್ಲಿ ಪೊಳ್ಳು ಕೊರೆದು ಬೆಳಕಿಗೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಓರಿಯನ್‌ನ 'ಸೋರ್ಸ್ ಐ' ಎಂಬ ಭಾರೀ ಎಳೆಯ ನಕ್ಷತ್ರವನ್ನು ಆಲ್ಮಾ ದೂರದರ್ಶಕ ನೋಡಿದಾಗ, ಹೊರಚಿಮ್ಮುವ ಅನಿಲವೂ ತಟ್ಟೆ ತಿರುಗುವ ದಿಕ್ಕಿನಲ್ಲೇ ತಿರುಗುತ್ತಿತ್ತು. 2017ರಲ್ಲಿ ಪ್ರಕಟವಾಯಿತು. ನನಗೆ ತುಂಬ ಇಷ್ಟವಾದ ವಿಷಯ ಇದು. ಅಂದರೆ ಆ ಅನಿಲದ ಜೊತೆ ತಟ್ಟೆಯ ಕೋನೀಯ ಆವೇಗ (ತಿರುಗುವಿಕೆಯ ಆವೇಗ) ಹೊರಗೆ ಹೋಗುತ್ತದೆ, ಹಾಗಾಗಿ ಉಳಿದ ಅನಿಲ ಒಳಗೆ ಇಳಿಯಬಲ್ಲದು. ಒಳಗೆ ಬಂದ ಅನಿಲದ ಹತ್ತನೇ ಒಂದು ಭಾಗವನ್ನು ಧ್ರುವಗಳ ಕಡೆಯಿಂದ ಹೊರಗೆ ಬಿಟ್ಟು ಶುರು ಮಾಡಿ.

ಬೆಳ್ಳಿಚುಕ್ಕಿ:
ಒಳ ಅಂಚು 10ಕ್ಕೆ ಇಳಿಸಿದೆ. ನಕ್ಷತ್ರ 31 ಸೂರ್ಯರಷ್ಟನ್ನು ದಾಟಿದೆ, ಇನ್ನೂ ಏರುತ್ತಿದೆ! ಇಬ್ಬರಿಗೂ ಥ್ಯಾಂಕ್ಸ್. ಈ ರನ್ ಮುಗಿದ ಮೇಲೆ ಹೊರಚಿಮ್ಮುವಿಕೆ ಸೇರಿಸಿ, ಎರಡೂ ಗ್ರಾಫ್ ಒಟ್ಟಿಗೆ ಹಾಕುತ್ತೇನೆ.