ಪದಚರ್ಚೆ: ಗಾರ್ಫೀಲ್ಡ್ ‘ಹತ್ಯೆ’ ಆದದ್ದು ಯಾವತ್ತು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ಅಂತ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಬಾಲ್ಯದ ಭಾಗ ಸರಾಗವಾಗಿ ಸಾಗಿತು. 1831ರಲ್ಲಿ ಒಹಾಯೋದ ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದ್ದು, ಎರಡು ತುಂಬುವ ಮೊದಲೇ ತಂದೆ ತೀರಿಕೊಂಡಿದ್ದು, ಹದಿನಾರನೇ ವಯಸ್ಸಿಗೆ ಕಾಲುವೆ ದೋಣಿಯಲ್ಲಿ ದುಡಿದಿದ್ದು, ಫೀಸಿನ ಬದಲು ಶಾಲೆಯ ಕಸ ಗುಡಿಸಿ ಓದಿದ್ದು, ಮುಂದೆ ಅದೇ ಶಾಲೆಗೆ ಮುಖ್ಯಸ್ಥರಾಗಿದ್ದು. ಪೈಥಾಗೊರಸ್ ಪ್ರಮೇಯಕ್ಕೆ ಅವರು ತಾವೇ ಒಂದು ಸಾಧನೆ ಕೊಟ್ಟಿದ್ದರು, 1876ರಲ್ಲಿ ಅಚ್ಚಾಯಿತು. ಇದನ್ನೆಲ್ಲ ಹೇಳಲು ಕನ್ನಡ ಎಲ್ಲೂ ಕೈ ಕೊಡಲಿಲ್ಲ.

ಸಿಕ್ಕಿಕೊಂಡದ್ದು ಒಂದೇ ಒಂದು ವಾಕ್ಯದಲ್ಲಿ. ನಾನು ಮೊದಲು ಬರೆದದ್ದು ಹೀಗೆ: ‘1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗಾರ್ಫೀಲ್ಡ್ ಅವರ ಹತ್ಯೆಯಾಯಿತು.’

ಓದೋಕೆ ಏನೂ ಅಡ್ಡಿಯಿಲ್ಲ. ಪತ್ರಿಕೆಗಳಲ್ಲಿ ನಾವು ದಿನಾ ನೋಡುವ ವಾಕ್ಯದ ಹಾಗೇ ಇದೆ. ಆದರೆ ಅವತ್ತು ಅವರು ಸಾಯಲಿಲ್ಲ ಅಲ್ವಾ? ಕಣ್ಣು ಮುಚ್ಚಿದ್ದು ಸೆಪ್ಟೆಂಬರ್ 19ರ ರಾತ್ರಿ, ನ್ಯೂಜೆರ್ಸಿಯ ಕಡಲತೀರದ ಎಲ್ಬೆರಾನ್‌ನಲ್ಲಿ. ಮಧ್ಯೆ 79 ದಿನ. ನನ್ನ ವಾಕ್ಯ ಆ 79 ದಿನವನ್ನೂ ನುಂಗಿಬಿಟ್ಟಿತು.

ಲಿಂಕನ್ ವಿಷಯದಲ್ಲಿ ಈ ತೊಡಕಿಲ್ಲ. 1865ರ ಏಪ್ರಿಲ್ 14ರ ರಾತ್ರಿ ಗುಂಡು ಬಿತ್ತು, ಮರುದಿನ ಬೆಳಿಗ್ಗೆ ಪ್ರಾಣ ಹೋಯಿತು. 1963ರಲ್ಲಿ ಕೆನಡಿ ಒಂದು ತಾಸೂ ಉಳಿಯಲಿಲ್ಲ. ಅಲ್ಲೆಲ್ಲ ‘ಹತ್ಯೆ’ ಸರಿಯಾಗಿ ಕೂರುತ್ತದೆ. ಹೊಡೆದದ್ದೂ ಸತ್ತದ್ದೂ ಒಂದೇ ಉಸಿರಿನಲ್ಲಿ ಬರುತ್ತವೆ. ಗಾರ್ಫೀಲ್ಡ್ ವಿಷಯದಲ್ಲಿ ಅವೆರಡೂ ಬೇರೆ ಬೇರೆ ಕಥೆ.

‘ಹತ್ಯೆ’ಗೆ ಬದಲು ‘ಕೊಲೆ’ ಹಾಕಿ ನೋಡಿದೆ. ‘ಕೊಲೆ’ ನಮ್ಮದೇ ಮಾತು, ‘ಕೊಲ್ಲು’ವಿನಿಂದ ಬಂದದ್ದು. ಆದರೆ ಕೇಳಿದ ಕೂಡಲೇ ಪೊಲೀಸ್ ಠಾಣೆ, ಆಸ್ತಿ ಜಗಳ ಕಣ್ಮುಂದೆ ಬರುತ್ತವೆ. ದೊಡ್ಡ ಸ್ಥಾನದಲ್ಲಿದ್ದವರನ್ನು ಕೊಂದರೆ ನಾವು ‘ಹತ್ಯೆ’ ಅನ್ನುತ್ತೇವೆ. ‘ಗಾಂಧಿ ಹತ್ಯೆ’ ಕಿವಿಗೆ ಒಗ್ಗಿದೆ, ‘ಗಾಂಧಿ ಕೊಲೆ’ ಅಷ್ಟು ಒಗ್ಗಿಲ್ಲ. ‘ವಧೆ’ಯಂತೂ ಬೇಡವೇ ಬೇಡ. ಕಂಸವಧೆ, ಕೀಚಕವಧೆ ಕೇಳಿ ಬೆಳೆದವರಿಗೆ ಆ ಪದದಲ್ಲೇ ಸತ್ತವನು ಕೆಟ್ಟವನು ಅನ್ನುವ ಅರ್ಥ ಸೇರಿಕೊಂಡಿರುತ್ತದೆ. ಇನ್ನು ‘ಗುಂಡಿಗೆ ಬಲಿಯಾದರು’. ಇದು ನಾಲಿಗೆ ತುದಿಯಲ್ಲೇ ಇರುವ ಮಾತು. ಆದರೆ ಗಾರ್ಫೀಲ್ಡ್ ಬಲಿಯಾದದ್ದು ನಿಜವಾಗಿ ಗುಂಡಿಗೇನಾ?

ನಡೆದದ್ದನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಪ್ರಶ್ನೆಗೆ ಅರ್ಥವಿಲ್ಲ. ಅಧಿಕಾರ ವಹಿಸಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬ್ಲೇನ್ ಜೊತೆ ಅಧ್ಯಕ್ಷರು ರೈಲು ಹಿಡಿಯಲು ನಡೆದು ಹೋಗುತ್ತಿದ್ದರು. ಹಿಂದಿನಿಂದ ಚಾರ್ಲ್ಸ್ ಗಿಟೋ ಎನ್ನುವವನು ಎರಡು ಸಲ ಗುಂಡು ಹಾರಿಸಿದ. ಒಂದು ತೋಳು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿನ ಬಲಗಡೆ ಹೊಕ್ಕು, ಬೆನ್ನುಮೂಳೆಯ ಒಂದು ಮಣಿಯನ್ನು ಒಡೆದು, ಎಡಗಡೆ ಮೇದೋಜೀರಕದ ಹತ್ತಿರ ನಿಂತಿತು. ಬೆನ್ನುಹುರಿಗೆ ತಾಗಲಿಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ನಿಲ್ದಾಣದ ನೆಲದ ಮೇಲಿದ್ದಾಗಲೇ ವೈದ್ಯರು ತೊಳೆಯದ ಬೆರಳನ್ನು ಗಾಯದೊಳಗೆ ಹಾಕಿ ತಡಕಿದರು. ವಾರಗಟ್ಟಲೆ ಸಲಾಕೆ ಹಾಕಿ ಕೆದಕಿದರು. ಗಾಯ ಮುಟ್ಟುವ ಕೈ, ಸಲಕರಣೆ ಶುದ್ಧವಾಗಿರಬೇಕು ಎಂದು ಬ್ರಿಟನ್ನಿನ ಜೋಸೆಫ್ ಲಿಸ್ಟರ್ 1867ರಲ್ಲೇ ಬರೆದಿದ್ದರು, 1876ರಲ್ಲಿ ಅಮೆರಿಕಕ್ಕೇ ಬಂದು ಹೇಳಿದ್ದರು. ಅಲ್ಲಿನ ಬಹಳ ವೈದ್ಯರು ಕಿವಿಗೆ ಹಾಕಿಕೊಂಡಿರಲಿಲ್ಲ. ಚಿಕಿತ್ಸೆಯ ಹೊಣೆ ಹೊತ್ತವರು ವಿಲ್ಲರ್ಡ್ ಬ್ಲಿಸ್. ಗುಂಡು ಬಲಗಡೆಯೇ ಇದೆ ಎಂದು ಅವರು ನಂಬಿದ್ದರು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಹುಡುಕುವ ಯಂತ್ರ ಮಾಡಿ ತಂದಾಗಲೂ ಬಲಗಡೆ ಮಾತ್ರ ನೋಡಲು ಬಿಟ್ಟರು. ಗುಂಡು ಸಿಗಲಿಲ್ಲ. ಕೀವು ತುಂಬುತ್ತಾ ಹೋಯಿತು. ದೃಢಕಾಯದ ಆ ಮನುಷ್ಯ ಎಲುಬಿನ ಹಂದರವಾದರು. ಕಡಲ ಗಾಳಿಯಾದರೂ ಸಿಗಲಿ ಎಂದು ಎಲ್ಬೆರಾನಿಗೆ ಕರೆದೊಯ್ಯುವಾಗ, ಕುಲುಕಾಟ ಆಗದಿರಲಿ ಎಂದು ಜನ ರಾತ್ರಿಯೆಲ್ಲ ದುಡಿದು ಮನೆ ಬಾಗಿಲ ತನಕ ರೈಲು ಹಳಿ ಹಾಸಿದರು. ಕೊನೆಯ ಏರಿನಲ್ಲಿ ಎಂಜಿನ್ನಿಗೆ ಆಗದೆ ಇದ್ದಾಗ ಬೋಗಿಯನ್ನು ಕೈಯಿಂದಲೇ ತಳ್ಳಿದರು. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬಿತು.

ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿತು. ಅದರ ಸುತ್ತ ಪೊರೆ ಕಟ್ಟಿತ್ತು. ಬಲಗಡೆ ವೈದ್ಯರು ಗುಂಡಿನ ದಾರಿ ಎಂದುಕೊಂಡಿದ್ದು ಬರೀ ಕೀವಿನ ಕಾಲುವೆ. ಸುಮ್ನೆ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದರೋ ಏನೋ ಎಂದು ಈಗಿನ ಎಷ್ಟೋ ವೈದ್ಯರು ಹೇಳುತ್ತಾರೆ.

ಇಲ್ಲಿ ನನಗೆ ಸಿಕ್ಕ ಪದ ‘ನಂಜು’. ಬೇರೆ ಯಾವುದೂ ಇಷ್ಟು ಸರಿಯಾಗಿ ಹೊಂದಲಿಲ್ಲ. ಶಾಲಾ ಪುಸ್ತಕದಲ್ಲಿ ‘ಸೋಂಕು’ ಬರುತ್ತದೆ. ಆದರೆ ಸೋಂಕು ಗಾಳಿಯಿಂದಲೂ ಬರಬಹುದು, ಪಕ್ಕದವರಿಂದಲೂ ಬರಬಹುದು. ಗಾಯದ ಬಾಯಿಯಿಂದ ಒಳಗಿಳಿದು ಮೈಯೆಲ್ಲ ಏರುವುದು ನಂಜು. ವಿಷ ಅನ್ನುವ ಹಳೆಯ ಅರ್ಥವೂ ಅದರೊಳಗೆ ಜೀವಂತವಾಗಿದೆ, ನಂಜುಂಡನ ಹೆಸರಲ್ಲೇ ಇದೆಯಲ್ಲ. ಚಿಕ್ಕವನಿದ್ದಾಗ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ನಾನು ಮಣ್ಣುಗೈಯಲ್ಲೇ ಕೀಳಲು ಹೋದೆ. ಅಜ್ಜಿ ಕೈಮೇಲೆ ಪಟ್ ಅಂತ ಹೊಡೆದು ‘ಕೈ ತೊಳ್ಕೊಂಡು ಬಾ, ನಂಜಾಗತ್ತೆ’ ಅಂದರು. ಪಿನ್ನನ್ನು ದೀಪದ ಕುಡಿಗೆ ಹಿಡಿದು, ಆರಿಸಿ, ಆಮೇಲೆ ಮುಳ್ಳು ತೆಗೆದರು. ಗಾರ್ಫೀಲ್ಡ್ ಕಥೆ ಬರೆಯುವಾಗ ಆ ಏಟು ಮತ್ತೆ ಮತ್ತೆ ನೆನಪಾಯಿತು.

ಹಾಗಾಗಿ ಈಗ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಜುಲೈ 2ರಂದು ಗಿಟೋ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ. ಗಾಯ ನಂಜೇರಿ, 79 ದಿನ ನರಳಿ, ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು.’

ಇದನ್ನು ಓದಿದ ಗೆಳೆಯರೊಬ್ಬರು ಒಪ್ಪಲಿಲ್ಲ. ‘ಹೀಗೆ ಬರೆದರೆ ಕೊಂದವನೇ ಕಾಣೆಯಾಗುತ್ತಾನಲ್ಲ’ ಅಂದರು. ಅವರ ಮಾತು ನನಗೆ ನಾಟಿತು. ವಿಚಾರಣೆಯಲ್ಲಿ ಗಿಟೋ ಇದನ್ನೇ ವಾದ ಮಾಡಿಕೊಂಡಿದ್ದ. ತಾನು ಗುಂಡು ಹಾರಿಸಿದ್ದು ಮಾತ್ರ, ಕೊಂದವರು ವೈದ್ಯರು ಅಂತ. ನ್ಯಾಯಾಲಯ ಒಪ್ಪಲಿಲ್ಲ, 1882ರ ಜೂನ್ 30ರಂದು ಗಲ್ಲಿಗೇರಿಸಿದರು. ಅವನ ವಾದವನ್ನು ನನ್ನ ವ್ಯಾಕರಣ ಗೆಲ್ಲಿಸಬಾರದು. ಹಾಗಂತ ವೈದ್ಯರ ಕೈಯನ್ನು ಮುಚ್ಚಿಡುವುದೂ ಸರಿಯಲ್ಲ.

ಕನ್ನಡದಲ್ಲಿ ‘ಕೊಂದ’ ಅಂದರೆ ಸತ್ತದ್ದೂ ಅದರಲ್ಲೇ ಸೇರಿತು. ‘ಸಾವಿಗೆ ಕಾರಣನಾದ’ ಅಂದರೆ ತೀರಾ ಸಪ್ಪೆ, ರಸ್ತೆ ಅಪಘಾತದ ವರದಿಯ ಹಾಗೆ. ‘ಕೊಲ್ಲಲು ಹೊಡೆದ’ ಎಂದು ಬರೆದು ನೋಡಿದೆ. ಉದ್ದೇಶ ಬಂತು, ದಿನಾಂಕವೂ ಸುಳ್ಳಾಗಲಿಲ್ಲ. ಆದರೆ ಬದುಕಿ ಉಳಿದವರ ಬಗ್ಗೆಯೂ ಹಾಗೇ ಹೇಳುತ್ತೇವೆ. ‘ಮಾರಣಾಂತಿಕವಾಗಿ ಗುಂಡು ಹೊಡೆದ’ ಮಕ್ಕಳಿಗೆ ಭಾರ. ಮೇಲಾಗಿ ಆ ಗುಂಡು ತಾನೊಂದೇ ಪ್ರಾಣ ತೆಗೆಯುತ್ತಿತ್ತೇ ಅನ್ನುವುದೇ ಇಲ್ಲಿನ ಪ್ರಶ್ನೆ. 1901ರಲ್ಲಿ ಗುಂಡೇಟು ತಿಂದು, ಎಂಟು ದಿನ ಇದ್ದು, ಗಾಯ ಒಳಗೇ ಕೊಳೆತು ಸತ್ತ ಇನ್ನೊಬ್ಬ ಅಮೆರಿಕ ಅಧ್ಯಕ್ಷ ಮೆಕಿನ್ಲಿ ಬಗ್ಗೆ ಬರೆಯುವಾಗಲೂ ಇದೇ ತೊಡಕು ಬರುತ್ತದೆ.

ಜೊತೆಗೆ ಇನ್ನೊಂದು ಪದ ಬೇಕು. ಗಿಟೋ ಚುನಾವಣೆಗೆ ಒಂದು ಭಾಷಣ ಬರೆದಿದ್ದ, ಅದರಿಂದಲೇ ಗಾರ್ಫೀಲ್ಡ್ ಗೆದ್ದರು ಎಂದು ನಂಬಿದ್ದ. ಪ್ರತಿಫಲವಾಗಿ ಪ್ಯಾರಿಸ್ಸಿನಲ್ಲಿ ಕಾನ್ಸಲ್ (ಪರದೇಶದ ಊರಿನಲ್ಲಿ ತನ್ನ ಸರ್ಕಾರದ ಪ್ರತಿನಿಧಿ) ಹುದ್ದೆ ಬೇಕೆಂದು ದಿನಾ ಅಲೆಯುತ್ತಿದ್ದ. ಆಗ ಗೆದ್ದ ಪಕ್ಷ ತನ್ನವರಿಗೆ ಸರ್ಕಾರಿ ಕೆಲಸ ಹಂಚುವುದು ಮಾಮೂಲಾಗಿತ್ತು. ಈ ಸಾವಿನ ನಂತರವೇ, 1883ರಲ್ಲಿ, ಪರೀಕ್ಷೆ ಬರೆಸಿ ಕೆಲಸ ಕೊಡುವ ಪೆಂಡಲ್ಟನ್ ಕಾಯ್ದೆ ಬಂತು. ಇಂಥ ಕೆಲಸಕ್ಕಾಗಿ ಬಾಗಿಲು ಕಾಯುವವನಿಗೆ ‘ಹುದ್ದೆ ಆಕಾಂಕ್ಷಿ’ ಎಂದು ಬರೆದಿದ್ದೇನೆ, ‘ಟಿಕೆಟ್ ಆಕಾಂಕ್ಷಿ’ಯ ಹಾಗೆ. ಆ ಪದ್ಧತಿಗೆ ‘ವಶೀಲಿ’ ಸಾಕೇ? ವಶೀಲಿ ಗುಟ್ಟಾಗಿ ನಡೆಯುತ್ತದೆ, ಅಲ್ಲಿ ನಡೆದದ್ದು ಬಹಿರಂಗವಾಗಿ.

ನಿಮ್ಮ ಕಡೆ ಗಾಯ ‘ಮಾಯುತ್ತದೆ’ ಅನ್ನುತ್ತೀರೋ ‘ಮಾಗುತ್ತದೆ’ ಅನ್ನುತ್ತೀರೋ, ಅದನ್ನೂ ತಿಳಿಸಿ. ಮುಖ್ಯವಾಗಿ ಬೇಕಿರುವುದು ಆ ಒಂದು ಕ್ರಿಯಾಪದ. ಹೊಡೆದವನ ತಪ್ಪು ಹಗುರಾಗಬಾರದು, 79 ದಿನವೂ ಮಾಯವಾಗಬಾರದು. ಕರಾವಳಿಯಲ್ಲೋ, ಧಾರವಾಡದ ಕಡೆಯೋ, ಹಳೆಯ ಪದ್ಯದಲ್ಲೋ ಅಂಥದ್ದೊಂದು ಮಾತು ಇದ್ದರೆ ದಯವಿಟ್ಟು ಬರೆಯಿರಿ.