ಅಕ್ಕಾ, ರೋಲರ್‌ಗಿಂತ ಮುಂಚೆ ಸ್ಕ್ರೇಪರ್ ತಗೋ

ಅಕ್ಕಾ, ಇದನ್ನೆಲ್ಲ ಟೈಪ್ ಮಾಡಕ್ಕೆ ಆಗಲ್ಲ, ಮಾತಾಡೇ ಕಳಿಸ್ತಿದೀನಿ, ಸ್ವಲ್ಪ ಉದ್ದ ಆಗತ್ತೆ, ಭಾವನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕೇಳು. ದೀಪಾವಳಿ ಒಳಗೆ ಹಾಲ್‌ಗೂ ಹಿಂದಿನ ರೂಮಿಗೂ ನೀವೇ ಎಮಲ್ಷನ್, ಅದೇ ನೀರಲ್ಲಿ ಕಲೆಸೋ ಗೋಡೆ ಪೇಂಟ್, ಹೊಡೀಬೇಕು, ಯಾವ ಬ್ರಷ್ಷು ಯಾವ ರೋಲರ್ರು ತರೋದು ಅಂತ ಕೇಳಿದ್ಯಲ್ಲ.

ಮೊದಲು ತರಬೇಕಾದ್ದು ಅವೆರಡೂ ಅಲ್ಲ ಕಣೆ. ಒಂದು ಒಳ್ಳೆ ಸ್ಕ್ರೇಪರ್, ಆಮೇಲೆ ಉಪ್ಪು ಕಾಗದ. ಹಿಂದಿನ ರೂಮಿಗೆ ಅಪ್ಪನ ಕಾಲದಿಂದ ಬಳಿದಿರೋದು ಸುಣ್ಣ. ಗೋಡೆ ಮೇಲೆ ಅಂಗೈ ಉಜ್ಜಿ ನೋಡು, ಕೈಯೆಲ್ಲ ಬೆಳ್ಳಗಾದ್ರೆ ಅದರ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದ್ರೂ ನಿಲ್ಲಲ್ಲ. ಪೇಂಟ್ ಹಿಡ್ಕೊಳ್ಳೋದು ಉದುರೋ ಸುಣ್ಣವನ್ನ, ಗೋಡೇನ ಅಲ್ಲ, ಸುಣ್ಣದ ಸಮೇತ ಹಪ್ಪಳದ ಥರ ಎದ್ದು ಬರತ್ತೆ. ನೀರು ಚಿಮುಕಿಸಿ, ನೆನೆಯಕ್ಕೆ ಬಿಟ್ಟು, ಗಟ್ಟಿ ಗಾರೆ ಸಿಗೋ ತನಕ ಕೆರೀಬೇಕು. ಬೇಜಾರಿನ ಕೆಲಸ, ಆದ್ರೆ ಇದನ್ನ ಬಿಡಬೇಡಿ. ಆಮೇಲೆ ಗೋಡೆ ಚೆನ್ನಾಗಿ ಒಣಗಲಿ.

ಗುಳಿ, ಬಿರುಕು ತುಂಬಿ ಗೋಡೆ ಮಟ್ಟ ಮಾಡೋ ಪುಟ್ಟಿ ಎಳೆಯಕ್ಕೆ ಅಗಲದ ಪಟ್ಟಿ ಬೇರೆ ತಗೋ, ಸಣ್ಣ ಪಟ್ಟೀಲಿ ಎಳೆದ್ರೆ ಗೆರೆಗೆರೆ ಉಳಿಯತ್ತೆ. ಒಣಗಿದ ಮೇಲೆ 120 ನಂಬರ್ ಕಾಗದದಲ್ಲಿ ಮಟ್ಟ ಮಾಡಿ, 220ರಲ್ಲಿ ನುಣುಪು ಮಾಡಿ. ನಂಬರ್ ಜಾಸ್ತಿ ಆದಷ್ಟೂ ಕಾಗದ ನಯ. ಉಜ್ಜೋವಾಗ ಇಬ್ರೂ ಮಾಸ್ಕ್ ಹಾಕ್ಕೊಳಿ. ಧೂಳು ಒರೆಸಿ, ಬಣ್ಣ ಗೋಡೆಗೆ ಹಿಡಿಯೋ ಹಾಗೆ ಮಾಡೋ ಮೊದಲ ಕೋಟು, ಅದೇ ಪ್ರೈಮರ್, ಹೊಡೆದ್ಮೇಲೇ ಬಣ್ಣ.

ಹಾ, ಕಿಟಕಿ ಬಾಗಿಲಿನ ಹಳೇ ಆಯಿಲ್ ಪೇಂಟನ್ನ ಒಣಗಿದ ಹಾಗೇ ಉಜ್ಜಬೇಡಿ. ಸೀಸ ಮಕ್ಕಳಿಗೆ ವಿಷ ಕಣೆ, ಪೇಂಟಲ್ಲಿ ಅದು 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಬಾಗಿಲಿನ ಬಣ್ಣ ಅದಕ್ಕಿಂತ ಎಷ್ಟೋ ಹಳೇದು, ಮನೇಲಿ ಅಂಬೆಗಾಲಿಡೋ ಮಗು ಬೇರೆ ಇದೆ. ನೀರಲ್ಲಿ ನೆನೆದ್ರೂ ಹಾಳಾಗದ ಉಪ್ಪು ಕಾಗದ, ಅದೇ ವಾಟರ್ ಪೇಪರ್, ತಂದು, ನೀರು ಹಾಕ್ಕೊಂಡೇ ಉಜ್ಜಿ, ಆ ರಾಡಿಯನ್ನ ಒದ್ದೆ ಬಟ್ಟೇಲಿ ಒರೆಸಿ ತೆಗೀರಿ. ಅಷ್ಟು ಹೊತ್ತು ಮಗೂನ ಆ ಕಡೆ ಬಿಡ್ಲೇಬೇಡ.

ಈಗ ರೋಲರ್. ಗೋಡೆಗೆ 9 ಇಂಚಿಂದು, ಸಂದಿಗೊಂದಿಗೆ 4 ಇಂಚಿಂದು. ಅಂಗಡೀಲಿ ಬೆರಳಲ್ಲಿ ಒತ್ತಿ ನೋಡು. ಪುಟ್ಟಿ ಹಾಕಿದ ನುಣುಪು ಗೋಡೆಗೆ ರೋಲರ್ ಮೇಲಿನ ಕೂದಲು ಗಿಡ್ಡ ಇರಬೇಕು, ಹೆಚ್ಚು ಅಂದ್ರೆ 10 ಮಿಲಿಮೀಟರ್. ಉದ್ದ ಕೂದಲಿಂದು ತರಿತರಿ ಗೋಡೆಗೆ, ಇಲ್ಲಿ ಹೊಡೆದ್ರೆ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ ಕಾಣತ್ತೆ. ಅಗ್ಗಕ್ಕೆ ಸಿಗೋ ಸ್ಪಂಜಿನ ರೋಲರ್ ಗೋಡೆಗೆ ಬೇಡ, ಎಮಲ್ಷನ್‌ಗೆ ಗುಳ್ಳೆ ಬರಿಸತ್ತೆ. ಹೊಸಾ ರೋಲರನ್ನ ಒಂದ್ಸಲ ತೊಳೆದು ಒಣಗಿಸ್ಕೊ, ಸಡಿಲ ಕೂದಲು ಗೋಡೆಗೆ ಅಂಟಲ್ಲ.

ಬ್ರಷ್ 2 ಇಂಚಿಂದು ಒಂದು ಸಾಕು, ನೈಲಾನ್ ಕೂದಲಿಂದು. ಹಂದಿ ಕೂದಲಿನ ಬ್ರಷ್ ಆಯಿಲ್ ಪೇಂಟ್‌ಗೆ ಸರಿ, ನೀರಿನ ಪೇಂಟಲ್ಲಿ ನೆನೆದು ಮೆತ್ತಗಾಗತ್ತೆ. ಮೂಲೆ, ಸ್ವಿಚ್ ಬೋರ್ಡ್ ಸುತ್ತ ಬ್ರಷ್ ಎಳೆದ ತಕ್ಷಣ, ಅದು ಹಸಿ ಇರೋವಾಗಲೇ ಭಾವ ರೋಲರ್ ಹೊಡೀಲಿ. ನಾಲ್ಕೂ ಗೋಡೆ ಅಂಚು ಮುಗಿಸಿ ಆಮೇಲೆ ರೋಲರ್ ಹಿಡಿದ್ರೆ ಅಂಚಿನ ಗೆರೆ ಫ್ರೇಮ್ ಹಾಕಿದ ಹಾಗೆ ಉಳ್ಕೊಳತ್ತೆ.

ಆಮೇಲೆ ರೋಲರ್‌ಗೆ ಸಿಕ್ಕಿಸೋ ಉದ್ದ ಕೋಲು ಮರೀಬೇಡ. ಭಾವನಿಗೆ ಮಂಡಿ ನೋವು, ಸ್ಟೂಲ್ ಹತ್ತಿಸ್ಬೇಡ ಪ್ಲೀಸ್. ಕೋಲಿದ್ರೆ ಮೇಲಿನ ಗೋಡೇನೂ ನೆಲದ ಮೇಲೆ ನಿಂತೇ ಹೊಡೀಬಹುದು. ಸೀಲಿಂಗ್ ಹತ್ರದ ಅಂಚು ಮಾತ್ರ ಬಿಟ್ಟಿರಿ, ಭಾನುವಾರ ನಾನು ಏಣಿ ತಗೊಂಡು ಬರ್ತೀನಿ.