ಮ್ಯಾನಿಫೋಲ್ಡಿನ ನಡುವಿನ ವಾಲ್ವಿಗೆ ‘ಸಂಕ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಾನು ಸುರತ್ಕಲ್ ಕಡೆಯವನು. ಇನ್‌ಸ್ಟ್ರುಮೆಂಟ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ಈಗ ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬರುವ ಹುಡುಗರಿಗೆ ಕೆಲಸ ಕಲಿಸುತ್ತೇನೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು, ಬಾಗಲಕೋಟೆ ಗದಗದಿಂದ ಬಂದವರು, ಎಲ್ಲರೂ ಒಟ್ಟಿಗೆ ಇರುತ್ತಾರೆ. ಓದಿದ್ದು ಕನ್ನಡ ಶಾಲೆಯಲ್ಲಿ. ಅವರಿಗಾಗಿ ಒತ್ತಡ ಅಳೆಯುವ ಉಪಕರಣಕ್ಕೆ ಯಾವ ವಾಲ್ವ್ ಮ್ಯಾನಿಫೋಲ್ಡ್ ಆರಿಸಬೇಕು ಅನ್ನುವುದರ ಬಗ್ಗೆ ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ವಿಷಯ ಗೊತ್ತಿದೆ, ಪದಗಳೇ ಕೈ ಕೊಡುತ್ತಿವೆ. ಅದಕ್ಕೆ ನಿಮ್ಮ ಹತ್ತಿರ ಬಂದೆ.

ಮೊದಲು ವಸ್ತು ಏನು ಅಂತ ಹೇಳುತ್ತೇನೆ. ದೊಡ್ಡ ಕೊಳವೆಯಲ್ಲಿ ಹಬೆಯೋ ಎಣ್ಣೆಯೋ ಹರಿಯುತ್ತಿರುತ್ತದೆ. ಅದರ ಒತ್ತಡವನ್ನು ಒಂದು ಸಣ್ಣ ನಳಿಕೆ ಉಪಕರಣದವರೆಗೆ ತರುತ್ತದೆ. ಉಪಕರಣ ಕೆಟ್ಟರೆ ಅಥವಾ ಪರೀಕ್ಷೆ ಮಾಡಬೇಕಾದರೆ ಇಡೀ ಪ್ಲಾಂಟ್ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಹಾಗಾಗಿ ಮಧ್ಯದಲ್ಲಿ ವಾಲ್ವ್ ಬೇಕು. ಆ ವಾಲ್ವ್‌ಗಳನ್ನು ಬೇರೆ ಬೇರೆ ಜೋಡಿಸುವ ಬದಲು ಒಂದೇ ಉಕ್ಕಿನ ಗಟ್ಟಿಯಲ್ಲಿ ಕೊರೆದು ಕೂರಿಸಿದರೆ ಅದೇ ಮ್ಯಾನಿಫೋಲ್ಡ್. ಜೋಡಣೆ ಕಡಿಮೆ ಆದಷ್ಟು ಸೋರುವ ಜಾಗವೂ ಕಡಿಮೆ.

ಈ ‘ಮ್ಯಾನಿಫೋಲ್ಡ್’ ಅನ್ನುವ ಪದಕ್ಕೆ ಒಬ್ಬರು ‘ಕವಲುಕೊಳವೆ’ ಅಂತ ಸೂಚಿಸಿದರು. ಕಾರಿನ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಅದು ಚೆನ್ನಾಗಿ ಹೊಂದುತ್ತದೆ, ಅಲ್ಲಿ ಒಂದು ಕೊಳವೆ ನಾಲ್ಕಾಗಿ ಕವಲೊಡೆಯುತ್ತದೆ. ನಮ್ಮದರಲ್ಲಿ ಹಾಗಿಲ್ಲ. ಇಂಗ್ಲಿಷಿನಲ್ಲಿ ಆ ಪದದ ಅರ್ಥವೇ ‘ಹಲವು ಬಗೆಯ’ ಅಂತ, ಆಕಾರದ ಬಗ್ಗೆ ಅದು ಏನೂ ಹೇಳುವುದಿಲ್ಲ. ನಾನು ಮ್ಯಾನಿಫೋಲ್ಡ್ ಅಂತಲೇ ಬಿಡುತ್ತೇನೆ. ಸ್ಟೋರಿನಲ್ಲಿ ಕೇಳುವಾಗ ಆ ಹೆಸರೇ ಬೇಕು, ಅಲ್ವಾ.

ನಿಜವಾದ ಕಷ್ಟ ಒಳಗಿನ ಮೂರು ಬಗೆಯ ವಾಲ್ವ್‌ಗಳದ್ದು. ಆರಿಸುವುದು ಅಂದರೆ ಇವುಗಳಲ್ಲಿ ಯಾವುದು ಎಷ್ಟು ಬೇಕು ಅಂತ ತೀರ್ಮಾನಿಸುವುದೇ. ಒಂದೇ ಕಡೆಯ ಒತ್ತಡ ಅಳೆಯುವ ಗೇಜಿಗೆ 2 ವಾಲ್ವ್ ಸಾಕು: ಒತ್ತಡವನ್ನು ತಡೆಯಲಿಕ್ಕೆ ಒಂದು, ಒಳಗೆ ಸಿಕ್ಕಿಕೊಂಡದ್ದನ್ನು ಹೊರಗೆ ಬಿಡಲಿಕ್ಕೆ ಒಂದು. ಎರಡು ಕಡೆಯ ಒತ್ತಡದ ವ್ಯತ್ಯಾಸ ಅಳೆಯುವ ಟ್ರಾನ್ಸ್‌ಮಿಟರಿಗೆ 3 ಬೇಕು: ಹೆಚ್ಚಿನ ಒತ್ತಡದ ಕಡೆಗೆ ಒಂದು ತಡೆ, ಕಡಿಮೆ ಕಡೆಗೆ ಒಂದು ತಡೆ, ಇವೆರಡರ ನಡುವೆ ಒಂದು. ಜಾಗದಲ್ಲೇ ಕ್ಯಾಲಿಬ್ರೇಶನ್, ಅಂದರೆ ಉಪಕರಣದ ಅಳತೆಯನ್ನು ಗೊತ್ತಿರುವ ಒತ್ತಡಕ್ಕೆ ಹೋಲಿಸಿ ಸರಿ ಮಾಡುವುದು, ಮಾಡಬೇಕಾದರೆ 5, ಅದರಲ್ಲಿ ಸಾಮಾನ್ಯವಾಗಿ ಹೊರಗೆ ಬಿಡುವವು ಎರಡು ಜಾಸ್ತಿ ಇರುತ್ತವೆ. ಅನಿಲವನ್ನು ಅಳೆದು ಮಾರುವ ಜಾಗದಲ್ಲಿ 5 ವಾಲ್ವಿನ ಇನ್ನೊಂದು ಜೋಡಣೆ ಇದೆ. ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರಲ್ಲಿ ಉದ್ಘಾಟನೆ ಆದ ಮೇಲೆ ಹುಡುಗರು ಅದರ ಬಗ್ಗೆಯೂ ಕೇಳುತ್ತಾರೆ. ಈ ಜೋಡಣೆಯಲ್ಲಿ ನಡುವಿನ ವಾಲ್ವೇ ಎರಡು, ಆ ಎರಡರ ಮಧ್ಯೆ ಹೊರಗೆ ಬಿಡುವ ಒಂದು. ನಡುವಿನದ್ದು ಸೋರಿದರೆ ಅಲ್ಲಿ ಗೊತ್ತಾಗಿಬಿಡುತ್ತದೆ.

ಈ ನಡುವಿನ ವಾಲ್ವಿಗೆ ಇಂಗ್ಲಿಷಿನಲ್ಲಿ ಈಕ್ವಲೈಜಿಂಗ್ ವಾಲ್ವ್ ಅನ್ನುತ್ತಾರೆ. ತೆರೆದರೆ ಎರಡೂ ಕಡೆಯ ಒತ್ತಡ ಒಂದೇ ಆಗುತ್ತದೆ. ಸಂತೆಯಲ್ಲಿ ತೂಗುವ ಮೊದಲು ಬರೀ ತಕ್ಕಡಿ ಎತ್ತಿ ಎರಡು ತಟ್ಟೆಯೂ ಒಂದೇ ಮಟ್ಟದಲ್ಲಿದೆ ಅಂತ ತೋರಿಸುತ್ತಾರಲ್ಲ, ಹಾಗೆ ಸೊನ್ನೆ ಸರಿ ಇದೆಯಾ ಅಂತ ನೋಡಲಿಕ್ಕೆ ಇದು. ಅಳತೆ ನಡೆಯುವಾಗ ಇದು ಮುಚ್ಚಿಯೇ ಇರಬೇಕು.

ಮೊದಲ ಕರಡಿನಲ್ಲಿ ನಾನು ‘ಸಮ ಮಾಡುವ ವಾಲ್ವ್’ ಅಂತ ಬರೆದೆ. ಸುಲಭದ ಮಾತು ಅಂದುಕೊಂಡೆ. ಆದರೆ ಒಂದು ದಿನ ಹಬೆಯ ಲೈನಿನಲ್ಲಿ ರೀಡಿಂಗ್ ಏರುಪೇರು ಆಗುತ್ತಿತ್ತು. ಬೆಳ್ತಂಗಡಿ ಕಡೆಯ ಹುಡುಗ ಹೋಗಿ ಆ ವಾಲ್ವ್ ತೆರೆದುಬಿಟ್ಟ, ಎರಡು ತಡೆಗಳೂ ತೆರೆದೇ ಇದ್ದವು. ಹೀಗೆ ಮೂರೂ ಒಟ್ಟಿಗೆ ತೆರೆದರೆ ಹೆಚ್ಚಿನ ಕಡೆಯಿಂದ ಕಡಿಮೆ ಕಡೆಗೆ ಹರಿವು ಶುರುವಾಗುತ್ತದೆ. ಹಬೆಯ ಲೈನಿನಲ್ಲಿ ಉಪಕರಣವನ್ನು ಕಾಯುವುದೇ ನಳಿಕೆಯಲ್ಲಿ ತಣಿದು ನಿಂತ ನೀರು. ಆ ನೀರು ಕೊಚ್ಚಿಕೊಂಡು ಹೋಗಿ ಬಿಸಿ ಹಬೆ ಟ್ರಾನ್ಸ್‌ಮಿಟರಿನ ಬಾಗಿಲಿಗೇ ಬಂತು. ಪುಣ್ಯಕ್ಕೆ ಬೇಗ ಮುಚ್ಚಿದೆವು. ಮತ್ತೆ ನೀರು ತುಂಬುವವರೆಗೆ ರೀಡಿಂಗ್ ನಂಬುವ ಹಾಗಿರಲಿಲ್ಲ.

ಯಾಕಪ್ಪ ತೆರೆದೆ ಅಂತ ಕೇಳಿದೆ. ಅವನು ಹೇಳಿದ್ದು: “ರೀಡಿಂಗ್ ಸಮ ಇರಲಿಲ್ಲ ಸರ್, ಅದಕ್ಕೆ ಸಮ ಮಾಡುವ ವಾಲ್ವ್ ತೆಗೆದೆ.”

ಆಗ ನನಗೆ ಹೊಳೆಯಿತು. ನಮ್ಮ ಮಂಗಳೂರು, ಉಡುಪಿ ಕನ್ನಡದಲ್ಲಿ ‘ಸಮ’ ಅಂದರೆ ಸರಿ. ‘ಫ್ಯಾನ್ ಸಮ ಇಲ್ಲ’ ಅಂದರೆ ಕೆಟ್ಟಿದೆ, ‘ಸಮ ಮಾಡು’ ಅಂದರೆ ರಿಪೇರಿ ಮಾಡು. ಹುಡುಗನದ್ದು ತಪ್ಪಲ್ಲ. ಅವನ ಕನ್ನಡದಲ್ಲಿ ನನ್ನ ಪದ ಬೇರೆಯೇ ಕೆಲಸ ಹೇಳಿತ್ತು. ‘ಸಮತೋಲನ ಕವಾಟ’ ಅಂತ ಬದಲಿಸಿ ನೋಡಿದೆ, ಅದೂ ಆಗಲಿಲ್ಲ. ಸಮತೋಲನ ಯಾವಾಗಲೂ ಒಳ್ಳೆಯದು, ಹಾಗಾಗಿ ಯಾವಾಗಲೂ ತೆರೆದಿರಬೇಕು ಅಂತ ಇಬ್ಬರು ಪರೀಕ್ಷೆಯಲ್ಲಿ ಬರೆದರು.

ಪರಿಣಾಮದ ಹೆಸರು ಬೇಡ, ಅದು ಮಾಡುವ ಕೆಲಸದ ಹೆಸರು ಇರಲಿ ಅಂತ ಆಮೇಲೆ ತೀರ್ಮಾನಿಸಿದೆ. ಎರಡು ಕಡೆಗಳನ್ನು ಕೂಡಿಸುತ್ತದೆ, ಹಾಗಾಗಿ ‘ಕೂಡು ವಾಲ್ವ್’. ಬಾಗಲಕೋಟೆಯ ಹುಡುಗ ತಲೆ ಅಲ್ಲಾಡಿಸಿದ. ಅವರ ಕಡೆ ಕೂಡು ಅಂದರೆ ಕೂತುಕೋ ಅಂತಲೂ ಆಗುತ್ತದೆ. ವಾಲ್ವ್ ಕೂತಿತು ಅಂದರೆ ಮುಚ್ಚಿತು ಅಂತಲೇ ಅಲ್ವಾ? ಪೂರ್ತಿ ಉಲ್ಟಾ.

ಈಗ ನನ್ನ ಮನಸ್ಸಿನಲ್ಲಿ ಇರುವುದು ‘ಸಂಕ’. ತೋಡು, ಅಂದರೆ ಸಣ್ಣ ಹಳ್ಳ, ದಾಟಲಿಕ್ಕೆ ಅಡಿಕೆ ಮರ ಹಾಕಿ ಮಾಡುತ್ತೇವಲ್ಲ, ಕಾಲುಸಂಕ, ಅದೇ. ಎರಡು ದಡದ ನಡುವಿನ ದಾರಿ. ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರೆ ಕರಾವಳಿಯ ಹುಡುಗರಿಗೆ ಒಂದೇ ಸಲಕ್ಕೆ ಹಿಡಿಸಿತು. ಬಾಗಲಕೋಟೆಯವನಿಗೆ ಪದ ಹೊಸದು, ಆದರೆ ಬೇರೆ ಅರ್ಥದ ಗೊಂದಲ ಇಲ್ಲ. ತೊಡಕು ಇರುವುದು ಕ್ರಿಯಾಪದದಲ್ಲಿ. ನಾವು ಬಾಗಿಲು ತೆಗೆ ಅನ್ನುತ್ತೇವೆ, ವಾಲ್ವ್ ತೆಗೆ ಅಂತಲೂ ಅನ್ನುತ್ತೇವೆ. ಆದರೆ ಸಂಕ ತೆಗೆ ಅಂದರೆ ದಾರಿ ಕಿತ್ತುಹಾಕು ಅಂತ ಆಗುತ್ತದೆ! ಅದಕ್ಕೆ ಟಿಪ್ಪಣಿಯಲ್ಲಿ ಎಲ್ಲ ಕಡೆ ‘ತೆರೆ’, ‘ಮುಚ್ಚು’ ಮಾತ್ರ ಇಟ್ಟಿದ್ದೇನೆ. ಮೊದಲು ಸಂಕ ತೆರೆ, ಹೆಚ್ಚಿನ ಕಡೆಯ ತಡೆಯನ್ನು ನಿಧಾನ ತೆರೆ, ಸಂಕ ಮುಚ್ಚು, ಆಮೇಲೆ ಕಡಿಮೆ ಕಡೆಯ ತಡೆ ತೆರೆ. ಓದಲಿಕ್ಕೆ ಚೆನ್ನಾಗಿಯೇ ಇದೆ ಅನಿಸುತ್ತದೆ.

ಹೊರಗೆ ಬಿಡುವ ವಾಲ್ವಿನದ್ದು ಇನ್ನೊಂದು ಕತೆ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಲೀಡ್ ವಾಲ್ವ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಅನುವಾದ ಮಾಡಿದ ಒಂದು ಹಾಳೆಯಲ್ಲಿ ‘ರಕ್ತಸ್ರಾವ ಕವಾಟ’ ಅಂತ ಇತ್ತು, ಹೃದಯದ ಪಾಠವಾ ಅಂತ ಒಬ್ಬ ಕೇಳಿದ. ‘ಕಿಂಡಿ’ ಅನ್ನೋಣವೇ ಅಂತ ಯೋಚಿಸಿದೆ, ನಮ್ಮ ಜಿಲ್ಲೆಗಳಲ್ಲಿ ಕಿಂಡಿ ಅಣೆಕಟ್ಟು ಎಲ್ಲರಿಗೂ ಗೊತ್ತಲ್ಲ. ಆದರೆ ಕಿಂಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಇಲ್ಲಿ ತಡೆ ಮುಚ್ಚಿದ ಮೇಲೆ ಒಳಗೆ ಉಳಿದ ಒತ್ತಡವನ್ನು ಒಂದು ಸಲ ಬಿಟ್ಟು, ಆಮೇಲೆ ಬೋಲ್ಟ್ ಬಿಚ್ಚುವುದು. ‘ಬಿಡು ವಾಲ್ವ್’ ಸಾಕು ಅಂತ ನನ್ನ ಲೆಕ್ಕ.

ಉಳಿದ ವಿಷಯಕ್ಕೆ ಪದದ ತೊಂದರೆ ಇಲ್ಲ. ಟ್ರಾನ್ಸ್‌ಮಿಟರಿಗೆ ನೇರ ಕೂರಿಸುವುದಾದರೆ ಎರಡು ತೂತುಗಳ ನಡುವಿನ ಅಂತರ 54 ಮಿಲಿಮೀಟರ್ ಇರಬೇಕು. ಐಇಸಿ 61518 ಅನ್ನುವ ಅಂತರರಾಷ್ಟ್ರೀಯ ಮಾನಕದಲ್ಲಿ ಈ ಜೋಡಣೆಯ ಅಳತೆಗಳಿವೆ. ಮ್ಯಾನಿಫೋಲ್ಡಿನ ಮೇಲೆ ಅದು ತಾಳುವ ಒತ್ತಡ 6000 ಪಿಎಸ್‌ಐ, ಅಂದರೆ ಸುಮಾರು 413 ಬಾರ್ ಅಂತ ಕೊರೆದಿದ್ದರೂ ಬಿಸಿ ಏರಿದ ಹಾಗೆ ಆ ತಾಕತ್ತು ಇಳಿಯುತ್ತದೆ. ತುಂಬಾ ಬಿಸಿ ಇದ್ದರೆ ವಾಲ್ವಿನ ಕಡ್ಡಿಯ ಸುತ್ತ ಸೋರದ ಹಾಗೆ ತುಂಬುವ ಪ್ಯಾಕಿಂಗ್ ಟೆಫ್ಲಾನಿನದ್ದು ಬೇಡ, ಗ್ರಾಫೈಟಿನದ್ದು ಬೇಕು. ನಮ್ಮ ಪಣಂಬೂರಿನ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿಗಿಂತ 316 ವಾಸಿ, ಅದರಲ್ಲಿ ಉಪ್ಪಿನ ತುಕ್ಕನ್ನು ತಡೆಯಲು ನೆರವಾಗುವ ಮಾಲಿಬ್ಡಿನಮ್ ಇದೆ.

ಹೆಸರು ಚಿಕ್ಕದಿರಬೇಕು ಅನ್ನುವುದಕ್ಕೂ ಕಾರಣ ಇದೆ. ಇಲ್ಲಿನ ಮಳೆಗೆ ಸ್ಟಿಕ್ಕರ್ ಉಳಿಯುವುದಿಲ್ಲ, ಸ್ಟೀಲ್ ತಗಡಿನಲ್ಲಿ ಕೊರೆದು ಕಟ್ಟುತ್ತೇವೆ. ಆ ತಗಡಿನಲ್ಲಿ ಮೂರು ನಾಲ್ಕು ಅಕ್ಷರಕ್ಕೆ ಮಾತ್ರ ಜಾಗ. ತಡೆ, ಸಂಕ, ಬಿಡು, ಮೂರೂ ಹಿಡಿಯುತ್ತವೆ.

ನನಗೆ ಬೇಕಾದ್ದು ಇಷ್ಟು. ಘಟ್ಟದ ಮೇಲಿನವರು ‘ಸಂಕ’ ಕೇಳಿದ್ದೀರಾ? ಕೇಳಿದ್ದರೆ ಯಾವ ಅರ್ಥದಲ್ಲಿ? ನಿಮ್ಮ ಕಡೆ ಅದಕ್ಕೆ ಬೇರೆ ಅರ್ಥ, ಮುಖ್ಯವಾಗಿ ‘ಮುಚ್ಚು’ ಅಂತ ತೋರುವ ಅರ್ಥ ಏನಾದರೂ ಇದ್ದರೆ ದಯವಿಟ್ಟು ಬೇಗ ತಿಳಿಸಿ. ಮುಂದಿನ ತಂಡ ಬರುವ ಮೊದಲು ತಗಡು ಕೊರೆಸಲು ಕೊಡಬೇಕು.